ಬಾಯಿ ಬಿಗಿಯುವ ಮುನ್ನ ಮೂರು ಬೆರಳು

ಬೆಳಗಾವಿ ಜಿಲ್ಲೆಯ ಕಟಕೋಳ ಸೀಮೆಯ ಮನೆಗಳಲ್ಲಿ ದವಡೆಗೆ ದಿನಾ ಎರಡು ಹೊತ್ತು ಪರೀಕ್ಷೆ ಇದ್ದೇ ಇರುತ್ತದೆ. ಖಡಕ್ ಜೋಳದ ರೊಟ್ಟಿ ಮುರಿದು, ರಂಜಕ ಹಚ್ಚಿಕೊಂಡು ತುತ್ತು ಬಾಯಿಗಿಡಬೇಕಾದರೆ ಬಾಯಿ ಅಗಲವಾಗಿ ತೆರೆಯಬೇಕು, ದಾಡಿ ಹಲ್ಲು ಗಟ್ಟಿಯಾಗಿ ಕಚ್ಚಬೇಕು, ಕೆನ್ನೆಯ ಒಳಮೈ ಖಾರ ತಾಳಬೇಕು. ಈ ಮೂರರಲ್ಲಿ ಯಾವುದು ಕೈಕೊಟ್ಟರೂ ತಾಟಿನ ಮುಂದೆ ಕುಳಿತಾಗಲೇ ಗೊತ್ತಾಗುತ್ತದೆ. ಮೊದಲು ರಂಜಕ ಬೇಡವಾಗುತ್ತದೆ. ಆಮೇಲೆ ಖಡಕ್ ರೊಟ್ಟಿ ಬಿಟ್ಟು ಬಿಸಿ ರೊಟ್ಟಿ, ಅದನ್ನೂ ಬಿಟ್ಟು ಹಾಲಿನಲ್ಲಿ ಕಲಸಿದ ರೊಟ್ಟಿ, ಕಡೆಗೆ ನುಚ್ಚು, ಅಂಬಲಿ. ಇಷ್ಟಾದರೂ ಮನೆಯವರು ಹಲ್ಲಿನ ನೋವೇ ಇರಬೇಕೆಂದು ಸುಮ್ಮನಿರುತ್ತಾರೆ. "ಬಾಯಿ ತೆಗಿಯಾಕ ಬರವಲ್ದು" ಎಂದು ತೊಂದರೆ ಇದ್ದವನು ತಾನೇ ಬಾಯಿಬಿಟ್ಟು ಹೇಳುವ ಹೊತ್ತಿಗೆ ವರ್ಷಗಳೇ ಕಳೆದಿರುತ್ತವೆ.

ಬಾಯಿ ಕಟ್ಟಿತೆಂದರೆ ನಮ್ಮವರ ಅನುಮಾನ ಹೋಗುವುದು ಎಲುಬಿನ ಕೀಲಿನ ಮೇಲೆ, ಇಲ್ಲವೇ ನರದ ಮೇಲೆ. ಬಹಳ ಸಲ ತೊಂದರೆ ಎರಡರಲ್ಲೂ ಇರುವುದಿಲ್ಲ. ಎಲುಬು ನೆಟ್ಟಗಿರುತ್ತದೆ, ಸ್ನಾಯುವೂ ಶುರುವಿಗೆ ಸರಿಯಾಗಿಯೇ ಇರುತ್ತದೆ. ಕೆಟ್ಟಿರುವುದು ಅವನ್ನು ಸುತ್ತಿಕೊಂಡಿರುವ, ಅವುಗಳ ನಡುವೆ ಹಾದುಹೋಗುವ, ಕೆನ್ನೆಯ ಒಳಚರ್ಮದ ಅಡಿಗೆ ಹಾಸಿಕೊಂಡಿರುವ ಪೊರೆ. ಒಂಬತ್ತನೇ ಇಯತ್ತೆಯ ವಿಜ್ಞಾನದಲ್ಲಿ 'ಸಂಯೋಜಕ ಅಂಗಾಂಶ' ಎಂದು ಓದಿ, ಪರೀಕ್ಷೆ ಮುಗಿದ ಮೇಲೆ ಮರೆತದ್ದು ಇದನ್ನೇ.

ಅದನ್ನು ಕಣ್ಣಾರೆ ನೋಡಬೇಕೆಂದರೆ ಕುರಿಯ ತಲೆ ಕೊಯ್ಯುವವರ ಪಕ್ಕ ಐದು ನಿಮಿಷ ನಿಂತರೆ ಸಾಕು. ದವಡೆಯ ಮೇಲಿನ ಕೆಂಪು ಮಾಂಸದ ಮೇಲೆ ಬೆಳ್ಳಗೆ ಹೊಳೆಯುವ ತೆಳು ಹಾಳೆಯೊಂದು ಅಂಟಿಕೊಂಡಿರುತ್ತದೆ. ಚಾಕುವಿನ ತುದಿಯಿಂದ ಎಬ್ಬಿಸಿ ಎಳೆದರೆ ಸರ್ರನೆ ಬಿಚ್ಚಿ ಬರುತ್ತದೆ, ಕೈಯಿಂದ ಹರಿಯಲು ಹೋದರೆ ಹರಿಯುವುದಿಲ್ಲ. ಅದೇ ಪೊರೆ. ಮಾಂಸವನ್ನು ಅಡ್ಡ ಕತ್ತರಿಸಿದರೆ ಒಳಗೂ ಬಿಳಿ ಗೆರೆಗಳು ಕಾಣುತ್ತವೆ. ಹೊರಗಿನ ಹಾಳೆಯೇ ಒಳಕ್ಕೆ ಇಳಿದು ಎಳೆಗಳನ್ನು ಕಂತೆ ಕಂತೆಯಾಗಿ ಕಟ್ಟಿರುತ್ತದೆ, ಕೊನೆಗೆ ಒಂದೊಂದು ಎಳೆಗೂ ತೆಳ್ಳನೆಯ ಹೊದಿಕೆ ಹೊದಿಸಿರುತ್ತದೆ. ಕಾಲು ಸೂಪನ್ನು ತಾಸುಗಟ್ಟಲೆ ಕುದಿಸಿ ಆರಲು ಇಟ್ಟರೆ ಮಂದವಾಗಿ ಹೆಪ್ಪುಗಟ್ಟುತ್ತದಲ್ಲ, ಆ ಹೆಪ್ಪಿನ ಮೂಲವೂ ಇಂಥ ಪೊರೆ, ಚರ್ಮ, ಸ್ನಾಯುರಜ್ಜುಗಳಲ್ಲಿರುವ ಕೊಲಾಜೆನ್ ಎಂಬ ಪ್ರೋಟೀನ್. (ಮಾಂಸ ಮುಟ್ಟದ ಮನೆಯವರು ನನ್ನ ಮಾತು ನಂಬಿ ಮುಂದೆ ಓದಬಹುದು.) ಈ ಬರಹದ ಕಥಾನಾಯಕನೂ ಖಳನಾಯಕನೂ ಈ ಕೊಲಾಜೆನ್ನೇ.

ಈಗ ನಿಮ್ಮದೇ ಮುಖದ ಮೇಲೆ ಕೈಯಿಡಿ. ಎರಡೂ ಅಂಗೈಯನ್ನು ಕೆನ್ನೆಯ ಹಿಂಭಾಗಕ್ಕೆ, ಕಿವಿಯ ಕೆಳಗೆ ಮುಂದಕ್ಕೆ ಇಟ್ಟು ಹಲ್ಲು ಕಚ್ಚಿ. ಉಬ್ಬಿ ಗಟ್ಟಿಯಾದದ್ದು ಮ್ಯಾಸೆಟರ್ ಎಂಬ ಸ್ನಾಯು. ಕೆನ್ನೆಯೆಲುಬಿನ ಕಮಾನಿನಿಂದ ಹೊರಟು ಕೆಳದವಡೆಯ ಮೂಲೆಗೆ ಬಂದು ಹಿಡಿದುಕೊಳ್ಳುತ್ತದೆ. ರೊಟ್ಟಿ ಕಚ್ಚಿ ಮುರಿಯುವ ಬಲದ ದೊಡ್ಡ ಪಾಲು ಇದರದ್ದು. ಇದರ ಮೇಲೆ ಗಟ್ಟಿಯಾದ ಪೊರೆ ಇದೆ. ಅದೇ ಪೊರೆ ಹಿಂದಕ್ಕೆ ಮುಂದುವರಿದು ಕಿವಿಯ ಮುಂದಿರುವ ಜೊಲ್ಲುಗ್ರಂಥಿಯನ್ನೂ ಸುತ್ತಿಕೊಳ್ಳುತ್ತದೆ. ಮಂಗನಬಾವು ಬಂದಾಗ ಆ ನೋವು ತಡೆಯಲಾಗದಷ್ಟು ಇರುವುದು ಇದಕ್ಕೇ: ಗ್ರಂಥಿ ಊದಲು ನೋಡುತ್ತದೆ, ಪೊರೆ ಹಿಗ್ಗಲು ಬಿಡುವುದಿಲ್ಲ.

ಬೆರಳನ್ನು ಕಣತಲೆಗೆ ಸರಿಸಿ ಮತ್ತೆ ಕಚ್ಚಿ. ಅಲ್ಲಿ ಅಲುಗುವುದು ಟೆಂಪೊರಾಲಿಸ್. ತಲೆಯ ಪಕ್ಕದಲ್ಲಿ ಬೀಸಣಿಗೆಯಂತೆ ಹರಡಿಕೊಂಡು, ಕೆನ್ನೆಯೆಲುಬಿನ ಕಮಾನಿನ ಒಳಗಡೆಯಿಂದ ಇಳಿದು ಕೆಳದವಡೆಯ ಮುಂದಿನ ಮೊನೆಗೆ ಸೇರುತ್ತದೆ. ಇದನ್ನು ಮುಚ್ಚಿರುವ ಪೊರೆ ಮುಖದ ಪೊರೆಗಳಲ್ಲೇ ದಪ್ಪನೆಯದು. ಕಮಾನಿನ ಹತ್ತಿರ ಅದು ಎರಡು ಪದರಾಗಿ ಒಡೆದು ಎಲುಬಿನ ಎರಡೂ ಅಂಚಿಗೆ ಅಂಟಿಕೊಳ್ಳುತ್ತದೆ. ಕಿವಿಯ ಶಸ್ತ್ರಚಿಕಿತ್ಸಕರು ಹರಿದ ತಮಟೆಗೆ ತೇಪೆ ಹಾಕಲು ಕಣತಲೆಯಿಂದ ಒಂದು ಚೂರು ತೆಗೆದುಕೊಳ್ಳುತ್ತಾರೆ ಎಂದು ಕೇಳಿದ್ದರೆ, ಅದು ಈ ಪೊರೆಯ ಚೂರೇ.

ಉಳಿದ ಎರಡು ಸ್ನಾಯು ಹೊರಗಿನಿಂದ ಕೈಗೆ ಸಿಗುವುದಿಲ್ಲ. ದವಡೆಯ ಒಳಮಗ್ಗುಲಲ್ಲಿ, ಮ್ಯಾಸೆಟರ್‌ಗೆ ಜೋಡಿಯಾಗಿ ನಿಂತು ಕಚ್ಚಲು ನೆರವಾಗುವುದು ಮೀಡಿಯಲ್ ಟೆರಿಗಾಯ್ಡ್. ಅದರ ಮೇಲುಗಡೆ ಅಡ್ಡಲಾಗಿ ಮಲಗಿ, ಕೀಲನ್ನು ಮುಂದಕ್ಕೆ ಎಳೆದು ಬಾಯಿ ತೆರೆಸುವುದು ಲ್ಯಾಟರಲ್ ಟೆರಿಗಾಯ್ಡ್. ಅಂದರೆ ಅಗಿಯುವ ನಾಲ್ಕು ಜೋಡಿಯಲ್ಲಿ ಮೂರು ಜೋಡಿ ಮುಚ್ಚುವ ಕೆಲಸಕ್ಕೆ, ಒಂದೇ ಜೋಡಿ ತೆರೆಯುವುದಕ್ಕೆ. ಗದ್ದದ ಕೆಳಗಿನ ಸಣ್ಣ ಸ್ನಾಯುಗಳು ಅದಕ್ಕೆ ಕೈಜೋಡಿಸುತ್ತವೆ, ಆದರೂ ತೆರೆಯುವ ಪಕ್ಷ ಬಡಪಕ್ಷವೇ. ಮುಚ್ಚುವ ಕಡೆ ಸ್ವಲ್ಪ ಬಿಗಿ ಬಂದರೂ ಇದು ಸೋಲುತ್ತದೆ.

ಕಿವಿಯ ರಂಧ್ರದ ಮುಂದೆ ಬೆರಳಿಟ್ಟು ನಿಧಾನವಾಗಿ ಬಾಯಿ ತೆರೆದರೆ ಇನ್ನೊಂದು ಸಂಗತಿ ಗೊತ್ತಾಗುತ್ತದೆ. ಮೊದಮೊದಲು ಎಲುಬಿನ ಗುಂಡು ಇದ್ದಲ್ಲೇ ತಿರುಗುತ್ತದೆ. ಅರ್ಧ ತೆರೆದ ಮೇಲೆ ಅದು ಗೂಡು ಬಿಟ್ಟು ಮುಂದಕ್ಕೆ ಜಾರುತ್ತದೆ, ಬೆರಳಿನ ಕೆಳಗೆ ಸಣ್ಣ ಕುಳಿ ಬೀಳುತ್ತದೆ. ದೊಡ್ಡದಾಗಿ ಆಕಳಿಸಿದಾಗ ಕೆಲವರ ದವಡೆ ಕಳಚಿ ಬಾಯಿ ಮುಚ್ಚದೆ ಹೋಗುವುದು ಈ ಜಾರಾಟ ಎಲ್ಲೆ ಮೀರಿದಾಗ. ಅದು ಬಾಯಿ ಕಟ್ಟುವುದಕ್ಕೆ ತೀರಾ ವಿರುದ್ಧವಾದ ತೊಂದರೆ. ಗುದ್ದಿ ಕೂರಿಸಲು ಯಾರಿಗೂ ಬಿಡದೆ ಆಸ್ಪತ್ರೆಗೆ ಹೋದರೆ ನಿಮಿಷಗಳಲ್ಲಿ ಸರಿಹೋಗುತ್ತದೆ.

ಕೊನೆಯ ತಾಣ ಬಾಯಿಯ ಒಳಗಿದೆ. ಅಗಲವಾಗಿ ಬಾಯಿ ತೆರೆದು ಕನ್ನಡಿ ನೋಡಿಕೊಂಡರೆ ಹಿಂದಿನ ಮೇಲ್ಹಲ್ಲಿನ ಆಚೆಯಿಂದ ಕೆಳದವಡೆಯ ಕೊನೆಯವರೆಗೆ ಲಂಬವಾದ ಒಂದು ಮಡಿಕೆ ಎದ್ದು ನಿಲ್ಲುತ್ತದೆ. ಅದರ ಅಡಿಯಲ್ಲಿರುವುದು ಒಂದು ಗಟ್ಟಿ ಎಳೆ. ಕೆನ್ನೆಯ ಸ್ನಾಯು ಮುಂದಿನಿಂದ ಬಂದು, ಗಂಟಲಿನ ಸ್ನಾಯು ಹಿಂದಿನಿಂದ ಬಂದು, ಎರಡೂ ಈ ಎಳೆಯ ಮೇಲೆ ಕೂಡುತ್ತವೆ. ದಂತವೈದ್ಯರು ಕೆಳಹಲ್ಲಿಗೆ ಮರಗಟ್ಟಿಸುವ ಸೂಜಿ ಚುಚ್ಚುವಾಗ ಈ ಮಡಿಕೆಯನ್ನೇ ಗುರುತು ಹಿಡಿಯುತ್ತಾರೆ. ಈ ಎಳೆಯ ಗುರುತು ಇಟ್ಟುಕೊಳ್ಳಿ; ಮುಂದೆ ಬೇಕಾಗುತ್ತದೆ.

ಪೊರೆಗಳ ನಡುವಿನ ಸಂದು

ಒಂದು ಸ್ನಾಯುವಿನ ಪೊರೆಗೂ ಪಕ್ಕದ ಸ್ನಾಯುವಿನ ಪೊರೆಗೂ ನಡುವೆ ಸಡಿಲವಾದ ಸಂದು ಇರುತ್ತದೆ. ಆರೋಗ್ಯವಾಗಿದ್ದಾಗ ಅದು ಇದೆಯೆಂದೇ ಅನಿಸುವುದಿಲ್ಲ. ಕೀವು ಬಂದಾಗ ಮಾತ್ರ ಅದಕ್ಕೆ ದಾರಿ ಸಿಕ್ಕಂತಾಗುತ್ತದೆ. ಕೆಳಗಿನ ಬುದ್ಧಿ ಹಲ್ಲು ಅರ್ಧ ಹೊರಬಂದು ನಿಂತು, ಅದರ ಮೇಲಿನ ಒಸಡಿನ ಕೆಳಗೆ ರೊಟ್ಟಿಯ ಚೂರು ಸಿಕ್ಕಿ ಕೊಳೆತು, ಕೀವಾಯಿತೆನ್ನಿ. ಅದು ಮ್ಯಾಸೆಟರ್‌ನ ಅಡಿಗೆ ನುಗ್ಗಬಹುದು, ಒಳಮಗ್ಗುಲ ಸ್ನಾಯುವಿನ ಸಂದಿಗೂ ಇಳಿಯಬಹುದು. ಎರಡರಲ್ಲಿ ಯಾವುದಾದರೂ ಬಾಯಿ ಎರಡೇ ದಿನದಲ್ಲಿ ಒಂದು ಬೆರಳಿನಷ್ಟಕ್ಕೆ ಇಳಿಯುತ್ತದೆ. ಮ್ಯಾಸೆಟರ್‌ನ ಅಡಿಯ ಕೀವು ಮೋಸದ್ದು. ಮೇಲಿನ ಸ್ನಾಯುವೂ ಪೊರೆಯೂ ದಪ್ಪಗಿರುವುದರಿಂದ ಕೆನ್ನೆ ಗಟ್ಟಿಯಾಗಿ ಬಾತಿರುತ್ತದೆ, ಮೆತ್ತಗೆ ಕೈಗೆ ಸಿಗುವುದೇ ಇಲ್ಲ. ಬಾವು ಚಿಕ್ಕದು, ಬಾಯಿಯ ಬಿಗಿ ದೊಡ್ಡದು ಎಂದಿದ್ದರೆ ಇದನ್ನೇ ನೆನೆಯಬೇಕು.

ನಮ್ಮಲ್ಲಿ ಇಂಥ ಬಾವಿಗೆ ಹೊರಗಿನಿಂದ ಬಿಸಿ ಶಾಖ ಕೊಡುವ ರೂಢಿ ಬಲವಾಗಿದೆ. ಕೊಡಬೇಡಿ. ಶಾಖ ಕೊಟ್ಟರೆ ಕೀವು ಹೊರಚರ್ಮದ ಕಡೆಗೇ ಎಳೆದುಬಂದು ಒಡೆದು, ಕೆನ್ನೆಯ ಮೇಲೆ ಜೀವನಪೂರ್ತಿ ಕಲೆ ಉಳಿಸಬಹುದು. ಬಾಯಿಯ ಒಳಗೆ ಉಗುರುಬೆಚ್ಚಗಿನ ಉಪ್ಪುನೀರು ಮುಕ್ಕಳಿಸಬಹುದು. ಔಷಧ ಅಂಗಡಿಯಿಂದ ತಂದ ಗುಳಿಗೆಯಿಂದ ಎರಡು ದಿನ ನೋವು ತಗ್ಗಿದ ಮಾತ್ರಕ್ಕೆ ಕೀವು ಹೋಯಿತೆಂದು ಅರ್ಥವಲ್ಲ. ಕೀವಿಗೆ ದಾರಿ ಮಾಡಿಕೊಡಬೇಕು, ಕೆಟ್ಟ ಹಲ್ಲಿಗೂ ಗತಿ ಕಾಣಿಸಬೇಕು. ಬಾವು ಗದ್ದದ ಕೆಳಗೆ ಎರಡೂ ಕಡೆ ಹಲಗೆಯಂತೆ ಗಟ್ಟಿಯಾಗಿ, ನಾಲಿಗೆ ಮೇಲಕ್ಕೆ ತಳ್ಳಲ್ಪಟ್ಟು, ಉಗುಳು ನುಂಗಲಾಗದೆ ಸುರಿಯತೊಡಗಿ, ಉಸಿರಿಗೆ ತ್ರಾಸಾದರೆ ಬೆಳಗಾಗುವವರೆಗೆ ಕಾಯುವಂತಿಲ್ಲ. ಅಂಥವರನ್ನು ಮಲಗಿಸದೆ, ಕೂರಿಸಿಕೊಂಡೇ 108ರಲ್ಲಿ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು.

ಹಲ್ಲು ತೆಗೆಸಿಕೊಂಡು ಬಂದ ಮರುದಿನ ಬಾಯಿ ಸರಿಯಾಗಿ ತೆರೆಯುತ್ತಿಲ್ಲವೆಂದು ಗಾಬರಿಯಾಗುವವರಿದ್ದಾರೆ. ಮರಗಟ್ಟಿಸುವ ಸೂಜಿ ಒಳಮಗ್ಗುಲ ಸ್ನಾಯುವಿಗೆ ತಗುಲಿ ಸ್ವಲ್ಪ ರಕ್ತ ಇಳಿದಿದ್ದರೆ ಹೀಗಾಗುತ್ತದೆ. ಜ್ವರ, ಬಾವು ಇಲ್ಲದಿದ್ದರೆ ಬೆಚ್ಚನೆಯ ಮುಕ್ಕಳಿಕೆ, ದಿನಕ್ಕೆ ಹಲವು ಸಲ ಮೆಲ್ಲಗೆ ಬಾಯಿ ತೆರೆದು ಮುಚ್ಚುವ ಅಭ್ಯಾಸದಿಂದ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಹಿಂದಿನ ಸ್ಥಿತಿಗೆ ಬರುತ್ತದೆ.

ಇನ್ನು ಹೊಲಮನೆ ಕೆಲಸದವರು ಮರೆಯಬಾರದ್ದು ಧನುರ್ವಾಯು. ಸಗಣಿ ಗೊಬ್ಬರ, ಮಣ್ಣಿನಲ್ಲಿರುವ ರೋಗಾಣು ಗಾಯದಲ್ಲಿ ಸೇರಿ ವಿಷ ಬಿಟ್ಟಾಗ ಎಲ್ಲಕ್ಕೂ ಮೊದಲು ಸೆಟೆದುಕೊಳ್ಳುವುದು ಸಾಮಾನ್ಯವಾಗಿ ಮ್ಯಾಸೆಟರ್ ಸ್ನಾಯುವೇ. ಕುಂಟಿಯ ಕುಡವೋ ಮುಳ್ಳೋ ಚುಚ್ಚಿದ ಕೆಲ ದಿನಗಳಲ್ಲಿ ದವಡೆ ಬಿಗಿದು, ಕುತ್ತಿಗೆ ಸೆಟೆದರೆ ಹಲ್ಲಿನ ದವಾಖಾನೆ ಹುಡುಕುತ್ತ ಹೊತ್ತು ಕಳೆಯದೆ ನೇರ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಮಕ್ಕಳಿಗೆ 10 ಮತ್ತು 16ನೇ ವಯಸ್ಸಿನಲ್ಲಿ ಸರಕಾರವೇ ಟಿಡಿ ಲಸಿಕೆ ಹಾಕುತ್ತದೆ. ದೊಡ್ಡವರು ಹೊಲಸು ಗಾಯವಾದಾಗ ಹಿಂದಿನ ಚುಚ್ಚುಮದ್ದು ಯಾವಾಗ ಹಾಕಿಸಿದ್ದೆಂದು ಹೇಳಿ, ಬೇಕಾದರೆ ಹಾಕಿಸಿಕೊಳ್ಳಬೇಕು.

ಅಡಿಕೆ ಪೊರೆಗೆ ಮಾಡುವುದೇನು

ಇಲ್ಲಿಯವರೆಗೆ ಹೇಳಿದ್ದೆಲ್ಲ ದಿನಗಳಲ್ಲಿ, ವಾರಗಳಲ್ಲಿ ಬರುವ ಬಿಗಿ. ನೋವಿರುತ್ತದೆ, ಆದ್ದರಿಂದ ಜನ ಆಸ್ಪತ್ರೆಗೂ ಹೋಗುತ್ತಾರೆ. ನನಗೆ ಹೆಚ್ಚು ಹೆದರಿಕೆ ಇರುವುದು ನೋವೇ ಇಲ್ಲದೆ, ವರ್ಷಗಟ್ಟಲೆ ತಗೊಂಡು, ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಬಾಯಿ ಮುಚ್ಚುತ್ತ ಹೋಗುವ ರೋಗದ ಬಗ್ಗೆ. ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂದು ಅದರ ಹೆಸರು. ದಂತ ಕಾಲೇಜುಗಳಲ್ಲಿ ಓಎಸ್‌ಎಂಎಫ್ ಎನ್ನುತ್ತಾರೆ. 1952ರಲ್ಲಿ ಷ್ವಾರ್ಟ್ಜ್ ಎಂಬ ವೈದ್ಯ ಕೀನ್ಯಾದಲ್ಲಿದ್ದ ಐವರು ಭಾರತೀಯ ಮೂಲದ ಹೆಂಗಸರಲ್ಲಿ ಇದನ್ನು ಕಂಡು ಬರೆದರು. ಮರುವರ್ಷ, 1953ರಲ್ಲಿ, ಮುಂಬಯಿಯ ಎಸ್. ಜಿ. ಜೋಶಿ ಇದಕ್ಕೆ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂಬ ಹೆಸರು ಬಳಕೆಗೆ ತಂದರು. ಕಾರಣ ಆಗ ಯಾರಿಗೂ ಖಚಿತವಿರಲಿಲ್ಲ. ಒಂದು ಕಾಲಕ್ಕೆ ನಮ್ಮ ಮೆಣಸಿನಕಾಯಿಯ ಮೇಲೂ ಅನುಮಾನಪಟ್ಟಿದ್ದರು. ಈಗ ಅನುಮಾನವಿಲ್ಲ: ಮೂಲ ಕಾರಣ ಅಡಿಕೆ. ರಂಜಕ ಮಾಡುವುದಿಷ್ಟೆ, ಒಳಗೆ ನಡೆದಿರುವುದನ್ನು ಉರಿಯ ಮೂಲಕ ಮೊದಲು ಚಾಡಿ ಹೇಳುತ್ತದೆ.

ಅಡಿಕೆಯಲ್ಲಿ ಅರಿಕೋಲಿನ್ ಎಂಬ ಸತ್ವವಿದೆ. ಜಗಿದಾಗ ಬರುವ ಆ ಸಣ್ಣ ಹುರುಪು, ಹಣೆಯ ಬೆವರು ಅದರಿಂದಲೇ. ಅದೇ ಸತ್ವ ಕೆನ್ನೆಯ ಒಳಚರ್ಮದ ಅಡಿಯ ಜೀವಕೋಶಗಳನ್ನು ಕೆರಳಿಸಿ ಬೇಕಾದುದಕ್ಕಿಂತ ಹೆಚ್ಚು ಕೊಲಾಜೆನ್ ತಯಾರಿಸಲು ಹಚ್ಚುತ್ತದೆ. ಅಡಿಕೆಯಲ್ಲಿ ತಾಮ್ರದ ಅಂಶವೂ ಜಾಸ್ತಿ. ಕೊಲಾಜೆನ್ ಎಳೆಗಳನ್ನು ಒಂದಕ್ಕೊಂದು ಬೆಸೆಯುವ ಕಿಣ್ವಕ್ಕೆ ತಾಮ್ರ ಬೇಕು. ತಾಮ್ರ ಸಿಕ್ಕಷ್ಟೂ ಬೆಸುಗೆ ಬಿಗಿಯಾಗುತ್ತದೆ. ಒಗರು ಕೊಡುವ ಟ್ಯಾನಿನ್ ಮೂರನೆಯ ಪೆಟ್ಟು ಕೊಡುತ್ತದೆ. ದೇಹ ಹಳೆಯ ಕೊಲಾಜೆನನ್ನು ಕರಗಿಸಿ ಹೊಸದು ಮಾಡಿಕೊಳ್ಳುತ್ತ ಇರಬೇಕು, ಟ್ಯಾನಿನ್ ಸೇರಿದ ಕೊಲಾಜೆನ್ ಕರಗಲು ಒಪ್ಪುವುದಿಲ್ಲ. ಚಮ್ಮಾರಿಕೆ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಹಸಿ ತೊಗಲಿಗೆ ತಂಗಡಿ ತೊಗಟೆಯ ನೀರು ಕುಡಿಸಿ, ಕೊಳೆಯದ ಗಟ್ಟಿ ಚರ್ಮ ಮಾಡುವ ಹದವೂ ಇದೇ ಟ್ಯಾನಿನ್‌ನದು. ಬಾಯಿಯಲ್ಲಿ ಅದು ಬದುಕಿರುವ ಕೆನ್ನೆಗೆ ಆಗುತ್ತಿರುತ್ತದೆ.

ತಯಾರಿ ಹೆಚ್ಚು, ಬೆಸುಗೆ ಬಿಗಿ, ಕರಗುವುದು ಕಡಿಮೆ. ಹೀಗೆ ಬೆಳೆದ ಪೊರೆ ಮೊದಲು ಕೆನ್ನೆಯಲ್ಲಿ ಬೆಳ್ಳಗೆ, ಅಮೃತಶಿಲೆಯ ಬಣ್ಣಕ್ಕೆ ತಿರುಗುತ್ತದೆ. ಆಮೇಲೆ ಬೆರಳಿಗೆ ತಂತಿಯಂತೆ ಸಿಗುವ ಪಟ್ಟಿಗಳು ಏಳುತ್ತವೆ. ಗುರುತು ಇಟ್ಟುಕೊಳ್ಳಿ ಎಂದೆನಲ್ಲ, ಬಾಯಿಯ ಹಿಂಭಾಗದ ಆ ಲಂಬವಾದ ಎಳೆ, ಅದು ಗಟ್ಟಿಯಾಗಿ ಕಟ್ಟು ಹಾಕಿದಂತಾಗುವುದು ಈ ಹಂತದಲ್ಲಿ. ಮೃದು ಅಂಗುಳಕ್ಕೆ ಇಳಿದರೆ ಕಿರುನಾಲಿಗೆ ಮುದುಡುತ್ತದೆ, ಧ್ವನಿ ಮೂಗಿನಲ್ಲಿ ಬರುತ್ತದೆ, ಕಿವಿ ಗುಂಯ್ ಎನ್ನುತ್ತದೆ. ತುಟಿಗೆ ಬಂದರೆ ಸೀಟಿ ಹೊಡೆಯಲು, ಬಲೂನು ಊದಲು ಆಗುವುದಿಲ್ಲ. ನಾಲಿಗೆ ಹೊರಚಾಚಿದರೆ ತುಟಿ ದಾಟುವುದಿಲ್ಲ. ಬಹಳ ಮುಂದುವರಿದವರಲ್ಲಿ ಬಿಗಿ ಚರ್ಮದ ಅಡಿಯಲ್ಲೇ ನಿಲ್ಲದೆ ಸ್ನಾಯುವಿನೊಳಕ್ಕೂ ಇಳಿದು, ಮ್ಯಾಸೆಟರ್, ಟೆಂಪೊರಾಲಿಸ್ ತಾವೂ ಗಿಡ್ಡವಾಗುತ್ತವೆ. ಆ ಹಂತಕ್ಕೆ ಹೋದ ಮೇಲೆ ಚರ್ಮದ ಪಟ್ಟಿ ಕತ್ತರಿಸಿದರೂ ಬಾಯಿ ಪೂರ್ತಿ ತೆರೆಯದು.

"ನಾ ತಂಬಾಕು ಮುಟ್ಟಂಗಿಲ್ಲ, ಬರೇ ಅಡಿಕಿ" ಎಂಬ ಮಾತನ್ನು ಈ ಭಾಗದಲ್ಲಿ ಎಲ್ಲಿ ಹೋದರೂ ಕೇಳುತ್ತೇವೆ. ಬಾಯಿ ಕಟ್ಟುವ ಮಟ್ಟಿಗೆ ಆ ಸಮರ್ಥನೆಗೆ ಬೆಲೆಯಿಲ್ಲ, ಯಾಕೆಂದರೆ ಕಟ್ಟುವುದೇ ಅಡಿಕೆ. ಕ್ಯಾನ್ಸರಿನ ಮಟ್ಟಿಗೂ ಇಲ್ಲ: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಅಡಿಕೆಯನ್ನೇ, ತಂಬಾಕು ಬೆರೆಸದಿದ್ದರೂ, ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಶಿರಸಿ, ಶಿವಮೊಗ್ಗದ ತೋಟದವರಿಗೆ ಇದು ಇಂದಿಗೂ ನುಂಗಲಾರದ ತುತ್ತು. ಅವರ ಬದುಕಿನ ಪ್ರಶ್ನೆ ದೊಡ್ಡದೆಂದು ನಾನೂ ಒಪ್ಪುತ್ತೇನೆ. ಆದರೆ ರಾಮದುರ್ಗ ತಾಲ್ಲೂಕಿನ ಹುಡುಗನ ಕೆನ್ನೆ ಆ ವಾದ ಮುಗಿಯುವವರೆಗೆ ಕಾಯುವುದಿಲ್ಲ.

ಅಜ್ಜಿಯ ಎಲೆ ಚಂಚಿಗೂ ಮೊಮ್ಮಗನ ಪುಡಿಕೆಗೂ ಅಂತರವಿದೆ. ಅಜ್ಜಿ ಹಸಿ ಎಲೆಯಲ್ಲಿ ಒಂದು ಹೋಳು ಅಡಿಕೆ ಸುತ್ತಿ, ಊಟವಾದ ಮೇಲೆ ಜಗಿದು ಉಗುಳುತ್ತಾಳೆ. ಪುಡಿಕೆಯಲ್ಲಿ ಎಲೆಯೇ ಇಲ್ಲ, ಒಣಗಿಸಿ ಪುಡಿ ಮಾಡಿದ ಅಡಿಕೆಯೇ ಹೆಚ್ಚು, ಕಿಸೆಯಲ್ಲಿ ದಿನವಿಡೀ ಸಿಗುತ್ತದೆ, ಕೆನ್ನೆಯ ಒಂದೇ ಮೂಲೆಯಲ್ಲಿ ತಾಸುಗಟ್ಟಲೆ ಕೂರುತ್ತದೆ. ಹೀಗಾಗಿ ಎಲೆ-ಅಡಿಕೆಯವರಿಗಿಂತ ಗುಟ್ಕಾ, ಪಾನ್ ಮಸಾಲಾ ತಿನ್ನುವವರ ಬಾಯಿ ಬಹಳ ಬೇಗ, ಕಡಿಮೆ ವರ್ಷಗಳಲ್ಲಿ, ಚಿಕ್ಕ ವಯಸ್ಸಿನಲ್ಲೇ ಕಟ್ಟುತ್ತದೆ. ಅಜ್ಜಿಯ ಚಂಚಿಯೂ ನಿರಪರಾಧಿಯಲ್ಲ, ಆದರೆ ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಕರ್ನಾಟಕದಲ್ಲಿ ಗುಟ್ಕಾ 2013ರ ಮೇ 31ರಿಂದ ನಿಷೇಧ. ಆಹಾರದಲ್ಲಿ ತಂಬಾಕು, ನಿಕೋಟಿನ್ ಬೆರೆಸುವಂತಿಲ್ಲ ಎಂಬ 2011ರ ಕೇಂದ್ರ ನಿಯಮ ಅದಕ್ಕೆ ಆಧಾರ. ಅಂಗಡಿಯವರು ದಾರಿ ಕಂಡುಕೊಂಡರು: ಪಾನ್ ಮಸಾಲಾ ಒಂದು ಪುಡಿಕೆ, ತಂಬಾಕು ಇನ್ನೊಂದು ಪುಡಿಕೆ, ಎರಡನ್ನೂ ಜೋಡಿಯಾಗಿ ಮಾರುತ್ತಾರೆ, ಗಿರಾಕಿ ಅಂಗೈಯಲ್ಲೇ ಬೆರೆಸಿಕೊಳ್ಳುತ್ತಾನೆ. ಕಾನೂನಿನ ಕಣ್ಣಿಗೆ ಅಲ್ಲಿ ಗುಟ್ಕಾ ಇಲ್ಲ. ಕೆನ್ನೆಯ ಪೊರೆಗೆ ಇದೆ. 2016-17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಶೇಕಡಾ 21.4 ಮಂದಿ ಹೊಗೆರಹಿತ ತಂಬಾಕು ಬಳಸುತ್ತಿದ್ದರು. ನಮ್ಮದೇ ಜಿಲ್ಲೆಯ ಇನ್ನೊಂದು ತುದಿಯ ನಿಪ್ಪಾಣಿ ತಂಬಾಕಿಗೇ ಹೆಸರಾದ ಊರು ಎಂಬುದನ್ನು ನೆನೆದರೆ, ಬೆಳಗಾವಿ ಜಿಲ್ಲೆಯವರಿಗೆ ಈ ಸುದ್ದಿ ದೂರದ್ದಲ್ಲ.

ಅಳೆಯುವುದು ಹೇಗೆ

ತಮ್ಮದೇ ಕೈಯ ತೋರುಬೆರಳು, ನಡುಬೆರಳು, ಉಂಗುರಬೆರಳನ್ನು ಜೋಡಿಸಿ, ಒಂದರ ಮೇಲೊಂದು ಬರುವಂತೆ ಕೈಯನ್ನು ಲಂಬವಾಗಿ ತಿರುಗಿಸಿ, ಮೇಲಿನ ಮತ್ತು ಕೆಳಗಿನ ಮುಂಹಲ್ಲುಗಳ ನಡುವೆ ತೂರಿಸಬೇಕು. ಬೆರಳು ಅವರವರದೇ ಆಗಬೇಕು. ಅಪ್ಪನ ಬೆರಳು ಮಗನ ಬಾಯಿಗೆ ಅಳತೆಗೋಲಾಗದು. ಮೂರೂ ಸಲೀಸಾಗಿ ಹೋದರೆ ಒಳ್ಳೆಯದು. ಎರಡೇ ಹೋದರೆ ಒಂದು ವಾರದೊಳಗೆ ದಂತವೈದ್ಯರನ್ನು ಕಾಣಬೇಕು. ಒಂದೇ ಹೋಗುತ್ತಿದ್ದರೆ ಈಗಾಗಲೇ ತಡವಾಗಿದೆ. ಇನ್ನೂ ಖಚಿತ ಬೇಕೆಂದರೆ ಮಕ್ಕಳ ಕಂಪಾಸ್ ಪೆಟ್ಟಿಗೆಯ ಸ್ಕೇಲ್ ಹಿಡಿದು ಮೇಲಿನ ಹಲ್ಲಿನ ಅಂಚಿನಿಂದ ಕೆಳಗಿನ ಹಲ್ಲಿನ ಅಂಚಿನವರೆಗೆ ಅಳೆಯಿರಿ. ವಯಸ್ಕರಲ್ಲಿ ಸಾಮಾನ್ಯವಾಗಿ 40ರಿಂದ 50 ಮಿಲಿಮೀಟರ್ ಇರುತ್ತದೆ. 35ಕ್ಕಿಂತ ಕಡಿಮೆಯಾದರೆ ಬಾಯಿ ಬಿಗಿದಿದೆ ಎಂದೇ ವೈದ್ಯರು ಲೆಕ್ಕ ಹಿಡಿಯುತ್ತಾರೆ.

ಒಂದು ಸಲ ಅಳೆದು ಬಿಟ್ಟರೆ ಉಪಯೋಗವಿಲ್ಲ. ಅಡಿಕೆ ತಿನ್ನುವವರು ಗೋಡೆಯ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆಯ ಚೌಕದೊಳಗೇ ಅಂಕಿ ಬರೆದಿಡಲಿ. ಮೂರು ಅಮಾವಾಸ್ಯೆಯಲ್ಲಿ 44, 42, 39 ಎಂದು ಇಳಿದರೆ, ಅದು ಇನ್ನೂ ಸಾಮಾನ್ಯದ ಹತ್ತಿರವೇ ಇದ್ದರೂ, ಇಳಿಯುತ್ತಿರುವುದೇ ಸುದ್ದಿ. ಅಳೆಯುವ ಹೊತ್ತಿಗೇ ಬೆಳಕಿನಲ್ಲಿ ಕೆನ್ನೆಯ ಒಳಭಾಗ, ನಾಲಿಗೆಯ ಅಂಚು, ಅಡಿ ನೋಡಿಕೊಳ್ಳಬೇಕು. ಮೂರು ವಾರವಾದರೂ ಮಾಯದ ಹುಣ್ಣು, ಉಜ್ಜಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, ಕಾರಣವಿಲ್ಲದೆ ಅಲುಗಾಡುವ ಹಲ್ಲು, ಕುತ್ತಿಗೆಯಲ್ಲಿ ಗಂಟು ಕಂಡರೆ ನೋವಿರಲಿ ಬಿಡಲಿ, ತೋರಿಸಬೇಕು. ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ ಈ ರೋಗದವರನ್ನು 17 ವರ್ಷ ಹಿಂಬಾಲಿಸಿ 1985ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇಕಡಾ 7.6 ಮಂದಿಗೆ ಬಾಯಿಯ ಕ್ಯಾನ್ಸರ್ ಬಂದಿತ್ತು. ಅಂದರೆ ಹೆಚ್ಚಿನವರಿಗೆ ಬರಲಿಲ್ಲ ಎಂಬುದೂ ಅಷ್ಟೇ ನಿಜ. ಹೆದರಿ ಮನೆಯಲ್ಲಿ ಅಡಗಿ ಕೂರುವುದಕ್ಕೆ ಈ ಲೆಕ್ಕ ಕಾರಣವಾಗಬಾರದು.

ಹಲ್ಲು ಕಡಿಯುವ ಚಟದವರಿಗೂ, ಚಿಂತೆಯಲ್ಲಿ ದವಡೆ ಬಿಗಿಹಿಡಿಯುವವರಿಗೂ ಬೆಳಗ್ಗೆ ಎದ್ದಾಗ ಬಾಯಿ ಬಿಗಿದಂತಿರುತ್ತದೆ. ಅವರ ಮ್ಯಾಸೆಟರ್ ಒತ್ತಿದರೆ ನೋಯುತ್ತದೆ, ಹೊತ್ತು ಏರಿದಂತೆ ಸಡಿಲಾಗುತ್ತದೆ, ಕೆನ್ನೆಯ ಒಳಗೆ ಪಟ್ಟಿ ಇರುವುದಿಲ್ಲ. ಅವರಿಗೆ ಬಿಸಿ ಬಟ್ಟೆಯ ಶಾಖ, ಸ್ವಲ್ಪ ದಿನ ಖಡಕ್ ರೊಟ್ಟಿಗೆ ರಜೆ, ರಾತ್ರಿ ಹಲ್ಲಿಗೆ ಹಾಕುವ ಕವಚದಿಂದ ಗುಣ ಕಾಣುತ್ತದೆ. ಓಎಸ್‌ಎಂಎಫ್‌ನ ಬಿಗಿ ಮುಂಜಾನೆ, ಸಂಜೆ ಒಂದೇ ಸಮ.

ಏನು ಚಿಕಿತ್ಸೆ, ಎಲ್ಲಿ

ಮೊದಲ ಚಿಕಿತ್ಸೆ ಅಡಿಕೆ ಬಿಡುವುದು, ಕಡಿಮೆ ಮಾಡುವುದಲ್ಲ. ಬಿಟ್ಟರೆ ಉರಿ ತಗ್ಗುತ್ತದೆ, ಬಿಗಿ ಮುಂದುವರಿಯುವುದು ನಿಲ್ಲಬಹುದು. ಈಗಾಗಲೇ ಕಟ್ಟಿದ ಪಟ್ಟಿ ತಾನಾಗಿ ಕರಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಆರು ತಿಂಗಳು ಬಿಟ್ಟವರು "ಬಿಟ್ರೂ ಬಾಯಿ ತೆರೀಲಿಲ್ಲ" ಎಂದು ಮತ್ತೆ ಪುಡಿಕೆ ಹಿಡಿಯುತ್ತಾರೆ.

ವೈದ್ಯರು ಕೆನ್ನೆಯೊಳಗೆ ಸ್ಟೆರಾಯ್ಡ್ ಮತ್ತು ಹೈಅಲ್ಯುರೊನಿಡೇಸ್ ಚುಚ್ಚುಮದ್ದನ್ನು ವಾರಗಟ್ಟಲೆ ಕೊಡುತ್ತಾರೆ, ಲೈಕೋಪೀನ್ ಗುಳಿಗೆ ಬರೆಯುತ್ತಾರೆ, ರಕ್ತಹೀನತೆ ಇದ್ದರೆ ಕಬ್ಬಿಣದ ಅಂಶ ಕೊಡುತ್ತಾರೆ. ಶುರುವಿನ ಹಂತದಲ್ಲಿ ಇವುಗಳಿಂದ ಕೆಲವು ಮಿಲಿಮೀಟರ್ ಗಿಟ್ಟುತ್ತದೆ. ರೋಗವನ್ನು ಬುಡಸಮೇತ ತೆಗೆಯುವ ಗುಳಿಗೆ ಇನ್ನೂ ಬಂದಿಲ್ಲ. ಇದೆ ಎಂದು ಸಂತೆಯಲ್ಲಿ ಯಾರಾದರೂ ಮಾರಿದರೆ ಕೊಳ್ಳಬೇಡಿ.

ಮನೆಯಲ್ಲಿ ಮಾಡುವ ವ್ಯಾಯಾಮಕ್ಕೆ ಐಸ್‌ಕ್ರೀಂ ಕಡ್ಡಿಗಳೇ ಸಾಧನ. ಸಲೀಸಾಗಿ ಹಿಡಿಸುವಷ್ಟು ಕಡ್ಡಿಗಳನ್ನು ಜೋಡಿಸಿ ಎರಡೂ ಬದಿಯ ದಾಡಿ ಹಲ್ಲುಗಳ ನಡುವೆ ಒಂದೊಂದು ಕಟ್ಟು ಇಟ್ಟುಕೊಂಡು ಕೂರಬೇಕು. ಒಂದೇ ಬದಿಗೆ ಇಟ್ಟರೆ ದವಡೆ ಓರೆಯಾಗಿ ಕೀಲು ನೋಯುತ್ತದೆ. ಬಿಗಿಯೆನಿಸಿದ ಮೇಲೆ ನಡುವೆ ಇನ್ನೊಂದು ಕಡ್ಡಿ ತೂರಿಸಬೇಕು, ಚರ್ಮ ಹರಿಯುವಷ್ಟು ಅಲ್ಲ. ಹರಿದ ಕಡೆ ಮಾಯುವಾಗ ಇನ್ನಷ್ಟು ಕೊಲಾಜೆನ್ ಬಂದು ಕೂರುತ್ತದೆ. ಅವಸರದಲ್ಲಿ ಒಂದು ದಿನದಲ್ಲಿ ಗಳಿಸಿದ್ದನ್ನು ವಾರದಲ್ಲಿ ಕಳೆದುಕೊಳ್ಳುತ್ತೀರಿ. ಕಡ್ಡಿ ಸ್ವಚ್ಛವಾಗಿರಲಿ, ಎಷ್ಟು ಹೊತ್ತು, ದಿನಕ್ಕೆ ಎಷ್ಟು ಸಲ ಎಂಬುದನ್ನು ನಿಮ್ಮ ಬಾಯಿ ನೋಡಿದ ವೈದ್ಯರೇ ಹೇಳಲಿ.

ಬಾಯಿ ತೀರಾ ಕಟ್ಟಿದವರಿಗೆ ಶಸ್ತ್ರಚಿಕಿತ್ಸೆ. ಎರಡೂ ಕೆನ್ನೆಯ ಪಟ್ಟಿಗಳನ್ನು ಕತ್ತರಿಸಿ, ಬರಿದಾದ ಜಾಗಕ್ಕೆ ಕೆನ್ನೆಯೊಳಗಿನ ಕೊಬ್ಬಿನ ಗಡ್ಡೆಯನ್ನೇ ಎಳೆದು ಹೊದಿಸುತ್ತಾರೆ, ಅಥವಾ ಮೂಗಿನ ಪಕ್ಕದ ಚರ್ಮವನ್ನು ಒಳಕ್ಕೆ ತಿರುಗಿಸುತ್ತಾರೆ. ಅಷ್ಟಕ್ಕೂ ತೆರೆಯದಿದ್ದರೆ ಟೆಂಪೊರಾಲಿಸ್ ಸ್ನಾಯು ಹಿಡಿದುಕೊಂಡಿರುವ ದವಡೆಯ ಮೊನೆಯನ್ನೇ ಕತ್ತರಿಸಿ ಬಿಡಿಸುತ್ತಾರೆ. ಮೇಜಿನ ಮೇಲೆ ಬಾಯಿ ಚೆನ್ನಾಗಿ ತೆರೆಯುತ್ತದೆ, ಆ ಖುಷಿ ಉಳಿಯುವುದು ಮುಂದಿನ ಆರು ತಿಂಗಳು, ವರ್ಷದ ವ್ಯಾಯಾಮದ ಮೇಲೆ. ನೋವೆಂದು ವ್ಯಾಯಾಮ ಬಿಟ್ಟವರ ಬಾಯಿ ಮತ್ತೆ ಕಟ್ಟುತ್ತದೆ, ಎರಡನೇ ಸಲದ ಶಸ್ತ್ರಚಿಕಿತ್ಸೆ ಮೊದಲಿನದಕ್ಕಿಂತ ಕಷ್ಟ.

ಕಟಕೋಳ, ರಾಮದುರ್ಗದವರು ಮೊದಲು ತಾಲ್ಲೂಕು ಆಸ್ಪತ್ರೆಯ ದಂತವೈದ್ಯರಿಗೆ ತೋರಿಸಬಹುದು. ಮುಂದಿನ ಚಿಕಿತ್ಸೆಗೆ ಬೆಳಗಾವಿಯ ಕೆಎಲ್ಇ ದಂತ ಮಹಾವಿದ್ಯಾಲಯ, ಧಾರವಾಡದ ಸತ್ತೂರಿನ ಎಸ್‌ಡಿಎಂ ದಂತ ಮಹಾವಿದ್ಯಾಲಯ ಎರಡರಲ್ಲೂ ಬಾಯಿ-ದವಡೆಯ ಶಸ್ತ್ರಚಿಕಿತ್ಸಾ ವಿಭಾಗಗಳಿವೆ. ಸವದತ್ತಿ, ಬೈಲಹೊಂಗಲ, ಕಿತ್ತೂರಿನವರಿಗೆ ಧಾರವಾಡವೇ ಅನುಕೂಲವಾಗಬಹುದು. ಕ್ಯಾನ್ಸರಿನ ಅನುಮಾನವಿದ್ದರೆ ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆ ಇದೆ, ಬೆಂಗಳೂರಿನ ಕಿದ್ವಾಯಿ ಇದೆ. ಬಿಪಿಎಲ್ ಕಾರ್ಡು ಇದ್ದವರು ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ತಮ್ಮ ಚಿಕಿತ್ಸೆ ಸೇರುತ್ತದೆಯೇ ಎಂದು ಹೊರಡುವ ಮುನ್ನವೇ ವಿಚಾರಿಸಿ, ತಾಲ್ಲೂಕು ಆಸ್ಪತ್ರೆಯ ಚೀಟಿ ತಗೊಂಡು ಹೋಗಲಿ. ಬಿಡಲು ಮನಸ್ಸಿದ್ದೂ ಆಗದವರಿಗೆ ರಾಷ್ಟ್ರೀಯ ಸಹಾಯವಾಣಿ 1800-11-2356 ಉಚಿತ; ಈ ಸಂಖ್ಯೆ ತಂಬಾಕಿನ ಪುಡಿಕೆಯ ಮೇಲೆಯೇ ಅಚ್ಚಾಗಿರುತ್ತದೆ.

ಹೋಗುವಾಗ ಈ ಸಂಗತಿಗಳನ್ನು ಬರೆದುಕೊಂಡು ಹೋದರೆ ವೈದ್ಯರ ಅರ್ಧ ಕೆಲಸ ಮುಗಿಯುತ್ತದೆ: ಯಾವ ವಯಸ್ಸಿನಿಂದ ಏನು, ದಿನಕ್ಕೆ ಎಷ್ಟು ಪುಡಿಕೆ, ಯಾವ ಕೆನ್ನೆಯಲ್ಲಿ ಇಡುತ್ತೀರಿ, ಖಾರ ಉರಿಯಲು ಶುರುವಾದದ್ದು ಯಾವಾಗ, ಕ್ಯಾಲೆಂಡರಿನ ಅಂಕಿಗಳು. ಹೆಂಡತಿಯ ಅಥವಾ ಅಪ್ಪನ ಎದುರು ಪುಡಿಕೆಯ ಲೆಕ್ಕ ಹೇಳಲು ಸಂಕೋಚವಾದರೆ ಅವರನ್ನು ಹೊರಗೆ ಕೂರಿಸಲು ವೈದ್ಯರಿಗೇ ಹೇಳಿ. ಅವರು ಈ ಮಾತು ಮೊದಲ ಸಲ ಕೇಳುತ್ತಿರುವುದಿಲ್ಲ.